ಮುಳ್ಳಯ್ಯನಗಿರಿಯ ಬಿಳುಪು, ಗುಲ್ಮಾರ್ಗ್‌ನ ಹಿಮ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಾಗಿಯ ಚಳಿ ಬಿಗಿಯುತ್ತಿದ್ದಂತೆ ಹಿಮ, ಹಿಮಜಾರಾಟ ಮತ್ತು ಹವಾಮಾನ ಮುನ್ಸೂಚನೆಯ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ‘ಮುಳ್ಳಯ್ಯನಗಿರಿಯಲ್ಲಿ ಹಿಮಪಾತ’ ಎಂಬ ವಿಡಿಯೊ ಪ್ರತಿ ಚಳಿಗಾಲದಲ್ಲಿಯೂ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತದೆ. ಅದು ನಿಜವೇ? ನಿಜವಲ್ಲವಾದರೆ ಕೆಲವು ಬೆಳಗುಗಳಲ್ಲಿ ಹುಲ್ಲಿನ ಮೇಲೆ ಕಾಣುವ ಬಿಳುಪು ಏನು?
— ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ನಿಜವಲ್ಲ. ಹಿಮವು ಕರಗದೆ ನೆಲ ಮುಟ್ಟಬೇಕಾದರೆ ಮೋಡದಿಂದ ನೆಲದವರೆಗಿನ ಗಾಳಿ ಬಹುಪಾಲು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. ಸಮಭಾಜಕದಿಂದ ಕೇವಲ 13 ಡಿಗ್ರಿ ಉತ್ತರಕ್ಕಿರುವ ನಮ್ಮ ಸೀಮೆಯಲ್ಲಿ ಆ ಸೊನ್ನೆ ಡಿಗ್ರಿಯ ಮಟ್ಟ ಚಳಿಗಾಲದಲ್ಲಿಯೂ ಸಮುದ್ರ ಮಟ್ಟದಿಂದ ನಾಲ್ಕೂವರೆ-ಐದು ಕಿಲೋಮೀಟರ್ ಮೇಲಿರುತ್ತದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ಆ ಮಟ್ಟ ಶಿಖರದ ನೆತ್ತಿಗಿಂತ ಇನ್ನೂ ಎರಡೂವರೆ ಕಿಲೋಮೀಟರ್‌ಗಿಂತ ಹೆಚ್ಚು ಮೇಲಿದೆ. ಎಂತಹ ಚಳಿಯ ವರ್ಷವೂ ಈ ಅಂತರವನ್ನು ತುಂಬಲಾರದು.

ಹುಲ್ಲಿನ ಬಿಳುಪು ಬೇರೆಯದೇ ಸಂಗತಿ. ಗಾಳಿಯಾಡದ, ಮೋಡವಿಲ್ಲದ ರಾತ್ರಿ ನೆಲವು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತನ್ನ ಮೇಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. ಹವಾಮಾನ ಕೇಂದ್ರದ ಉಷ್ಣಮಾಪಕವು ನೆಲದಿಂದ ಸುಮಾರು ಒಂದೂಕಾಲು ಮೀಟರ್ ಮೇಲೆ, ಕಿಂಡಿಗಳಿರುವ ಮರದ ಪೆಟ್ಟಿಗೆಯಲ್ಲಿ ಇರುವುದರಿಂದ, ಅದು ನಾಲ್ಕು ಡಿಗ್ರಿ ತೋರಿಸುತ್ತಿರುವಾಗಲೇ ಹುಲ್ಲಿನ ಎಸಳಿನ ಮೇಲೆ ಸೊನ್ನೆ ತಲುಪಿರುವುದು ಸಾಧ್ಯ. ಆಗ ಗಾಳಿಯ ತೇವವು ಇಬ್ಬನಿಯಾಗುವ ಬದಲು ಎಸಳಿನ ಅಂಚಿನಲ್ಲಿ ಸೂಜಿಯಂತಹ ಹರಳುಗಳಾಗಿ ಕೂರುತ್ತದೆ. ಊಟಿ ಮತ್ತು ಮುನ್ನಾರ್‌ಗಳಲ್ಲಿ ಇದು ಆಗಾಗ ಕಾಣುವ ದೃಶ್ಯ. ನಮ್ಮಲ್ಲಿ ಬಹುತೇಕ ಬೆಳಗುಗಳಲ್ಲಿ ಕಾಣುವುದು ಬರಿಯ ಇಬ್ಬನಿಯೇ. ಹೀಗೆ ಹೆಪ್ಪುಗಟ್ಟುವುದಾದರೂ ಅದು ಶಿಖರದಲ್ಲಲ್ಲ, ತಣ್ಣನೆಯ ಭಾರದ ಗಾಳಿ ಇಳಿದು ನಿಲ್ಲುವ ತಗ್ಗಿನ ಹುಲ್ಲುಗಾವಲಿನಲ್ಲಿ. ಚಳಿಯನ್ನು ಹುಡುಕಿ ಬೆಟ್ಟ ಹತ್ತುವವರಿಗೆ ಇದು ಸ್ವಲ್ಪ ನಿರಾಸೆಯ ಸುದ್ದಿ. ಇನ್ನು ಮಾರ್ಚ್-ಏಪ್ರಿಲ್‌ನಲ್ಲಿ ರಸ್ತೆಯನ್ನೇ ಬೆಳ್ಳಗಾಗಿಸುವ ವಿಡಿಯೊಗಳಲ್ಲಿ ಇರುವುದು ಆಲಿಕಲ್ಲು. ಅದು ಗುಡುಗುಮೋಡದ ಒಳಗೆ ಬೆಳೆದು, ಬಿಸಿ ಗಾಳಿಯ ನಡುವೆಯೂ ಪೂರ್ತಿ ಕರಗುವ ಮೊದಲೇ ವೇಗವಾಗಿ ಬೀಳುವ ಮಂಜುಗಡ್ಡೆ.

ಪ್ರಶ್ನೆ: ಅರೇಬಿಕಾ ಕೊಯ್ಲು ಮುಗಿಸಿ ಜನವರಿಯ ಕೊನೆಯಲ್ಲಿ ಕುಟುಂಬದೊಂದಿಗೆ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ನೋಡುವ, ಸಾಧ್ಯವಾದರೆ ಕಲಿಯುವ ಯೋಚನೆಯಿದೆ. ಅಭ್ಯಾಸಕ್ಕೆಂದು ಈಗಿನಿಂದಲೇ ಆ್ಯಪ್ ನೋಡುತ್ತಿದ್ದೇನೆ. ಒಂಬತ್ತು ದಿನಗಳ ನಂತರ 40 ಸೆಂಟಿಮೀಟರ್ ಹಿಮ ಎಂದು ತೋರಿಸಿದ ಅದೇ ಆ್ಯಪ್ ಮರುದಿನ 5 ಎಂದಿತು, ಅದರ ಮರುದಿನ 25 ಎಂದಿತು. ಯಾವುದನ್ನು ನಂಬಬೇಕು?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಮೂರನ್ನೂ ನಂಬಬೇಡಿ. ಆದರೆ ಮೂರನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಆ ಅಂಕಿಗಳಿಗಿಂತ ಅವು ದಿನದಿನಕ್ಕೆ ಹಾರಾಡುತ್ತಿರುವುದೇ ನಿಮಗೆ ದೊರೆತ ನಿಜವಾದ ಮಾಹಿತಿ.

ಕಾಶ್ಮೀರದ ಚಳಿಗಾಲದ ಹಿಮ ಬಹುಮಟ್ಟಿಗೆ ‘ಪಶ್ಚಿಮದ ಕ್ಷೋಭೆ’ ಎಂದು ಕರೆಯಲಾಗುವ ವಾಯುಭಾರ ಕುಸಿತಗಳಿಂದ ಬರುತ್ತದೆ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು, ಮೇಲ್ಮಟ್ಟದ ವೇಗದ ಪಶ್ಚಿಮ ಮಾರುತದ ಜೊತೆಗೆ ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ, ಇವು ಚಳಿಗಾಲದಲ್ಲಿ ತಿಂಗಳಿಗೆ ಸರಾಸರಿ ನಾಲ್ಕರಿಂದ ಆರರಂತೆ ನಮ್ಮ ವಾಯವ್ಯ ಗಡಿಯನ್ನು ತಲುಪುತ್ತವೆ. ಒಂಬತ್ತು ದಿನ ಮೊದಲು ಆ ಕ್ಷೋಭೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ಆರಂಭದ ಸ್ಥಿತಿಯಲ್ಲಿನ ಅಳತೆಗೆ ಸಿಗದಷ್ಟು ಸಣ್ಣ ವ್ಯತ್ಯಾಸವೂ ಕೆಲವು ದಿನಗಳಲ್ಲಿ ಇಡೀ ಚಿತ್ರವನ್ನು ಬದಲಿಸಬಲ್ಲದು ಎಂಬುದನ್ನು ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಅವರು 1963ರಲ್ಲಿಯೇ ತೋರಿಸಿಕೊಟ್ಟರು. ಅದಕ್ಕಾಗಿಯೇ ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರವು ಆರಂಭದ ಸ್ಥಿತಿಯನ್ನು ಚೂರುಚೂರು ಬದಲಿಸುತ್ತ ಒಂದೇ ಮುನ್ಸೂಚನೆಯನ್ನು 51 ಬಾರಿ ಲೆಕ್ಕ ಹಾಕುತ್ತದೆ. ಆ 51ರಲ್ಲಿ 45 ಹಿಮ ತೋರಿಸಿದರೆ ಅದೊಂದು ಸುದ್ದಿ, 12 ಮಾತ್ರ ತೋರಿಸಿದರೆ ಅದೊಂದು ಆಸೆ. ಸಾಮಾನ್ಯ ಆ್ಯಪ್ ಈ ಹರಹನ್ನು ಮರೆಮಾಚಿ ಒಂದೇ ಸಂಖ್ಯೆಯನ್ನು ಕೊಟ್ಟು ಸುಮ್ಮನಾಗುತ್ತದೆ. ಇದು ಓದುಗರಿಗೆ ಮಾಡುವ ಉಪಕಾರವಲ್ಲ ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಹರಹನ್ನು ತೋರಿಸುವ ನಕ್ಷೆಗಳನ್ನು ನೋಡುವ ರೂಢಿ ಮಾಡಿಕೊಳ್ಳಿ. ಅದು ಸಿಗದಿದ್ದರೆ ಐದು ದಿನಕ್ಕಿಂತ ಆಚೆಯ ಸೆಂಟಿಮೀಟರ್ ಲೆಕ್ಕವನ್ನು ಬಿಟ್ಟು, ಕ್ಷೋಭೆ ಬರುವ ಸೂಚನೆ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಗಮನಿಸಿ.

ಎರಡನೆಯ ತೊಡಕು ಎತ್ತರದ್ದು. ಗುಲ್ಮಾರ್ಗ್‌ನ ಹುಲ್ಲುಗಾವಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಗೊಂಡೊಲಾದ (ಕೇಬಲ್ ಕಾರ್) ಎರಡನೆಯ ಹಂತ ಅಫರ್ವಾತ್ ಬೆಟ್ಟದ 3,950 ಮೀಟರ್‌ನ ಹತ್ತಿರಕ್ಕೆ ಒಯ್ಯುತ್ತದೆ. ಇವೆರಡರ ನಡುವೆ ಸರಾಸರಿ ಎಂಟು ಡಿಗ್ರಿಯ ವ್ಯತ್ಯಾಸವಿರುತ್ತದೆ. ಮುನ್ಸೂಚನೆಯ ಲೆಕ್ಕ ಹಾಕುವ ಗಣಕ ಮಾದರಿಯಾದರೋ ನೆಲವನ್ನು ಹಲವು ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಒಂದೇ ಎತ್ತರವನ್ನು ಇಟ್ಟುಕೊಳ್ಳುತ್ತದೆ. ಆದ್ದರಿಂದ ‘ಗುಲ್ಮಾರ್ಗ್’ ಎಂದು ಆ್ಯಪ್ ತೋರಿಸುವುದು ಯಾವ ಎತ್ತರದ ಲೆಕ್ಕ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಸೆಂಟಿಮೀಟರ್‌ಗಿಂತ ಮುಖ್ಯವಾಗಿ ನೋಡಬೇಕಾದದ್ದು ಸೊನ್ನೆ ಡಿಗ್ರಿಯ ಮಟ್ಟ. ಹಿಮದ ಹಳಕುಗಳು ಕರಗಲು ಸ್ವಲ್ಪ ಸಮಯ ಹಿಡಿಯುವುದರಿಂದ ಹಿಮ-ಮಳೆಯ ಗಡಿ ಸಾಮಾನ್ಯವಾಗಿ ಆ ಮಟ್ಟಕ್ಕಿಂತ ಇನ್ನೂರು-ಮುನ್ನೂರು ಮೀಟರ್ ಕೆಳಗಿರುತ್ತದೆ. ಸೊನ್ನೆಯ ಮಟ್ಟ 3,200 ಮೀಟರ್ ಎಂದಿದ್ದರೆ ಬೆಟ್ಟದ ಮೇಲೆ ಒಳ್ಳೆಯ ಹಿಮ ಬೀಳುತ್ತಿರುವಾಗ ನಿಮ್ಮ ಹೋಟೆಲಿನ ಮುಂದೆ ಮಳೆ ಸುರಿಯುತ್ತಿರುತ್ತದೆ.

ಇನ್ನು ಆಳದ ಲೆಕ್ಕ. ತೋಟದ ಮಳೆ ಪುಸ್ತಕದಲ್ಲಿ ನೀವು ಇಂಚು-ಸೆಂಟ್‌ಗಳಲ್ಲಿಯೇ ಬರೆಯುತ್ತಿರುತ್ತೀರಿ ಎಂದು ಭಾವಿಸಿ ಅದರಲ್ಲಿಯೇ ಹೇಳುತ್ತೇನೆ. ಒಂದು ಇಂಚು ಮಳೆಯ ನೀರು ಹಿಮವಾಗಿ ಬಿದ್ದರೆ ಸುಮಾರು ಹತ್ತು ಇಂಚು ದಪ್ಪವಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಸೊನ್ನೆಯ ಹತ್ತಿರದ ಒದ್ದೆ ಹಿಮವಾದರೆ ಅದು ಐದಾರು ಇಂಚು ಮಾತ್ರ, ಮೈನಸ್ ಹತ್ತರ ಒಣ ಹಿಮವಾದರೆ ಹದಿನೈದು ಇಂಚಿಗೂ ಮೀರಬಹುದು. ಸ್ಕೀ ಮಾಡುವವರು ‘ಪೌಡರ್’ ಎಂದು ಹಂಬಲಿಸುವುದು ಈ ಹಗುರವಾದ ಒಣ ಹಿಮಕ್ಕೆ. ನೀರು ಅಷ್ಟೇ ಆದರೂ ದಪ್ಪ ಮೂರು ಪಟ್ಟು ಬದಲಾಗಬಹುದಾದ್ದರಿಂದ ನಿಮ್ಮ ಆ್ಯಪ್‌ನ 40 ಮತ್ತು 25ರ ನಡುವಿನ ವ್ಯತ್ಯಾಸದಲ್ಲಿ ಒಂದು ಪಾಲು ಕೇವಲ ಉಷ್ಣಾಂಶದ್ದಾಗಿರುವ ಸಾಧ್ಯತೆಯೂ ಇದೆ.

ಹೋಗುವ ಕಾಲದ ಬಗ್ಗೆ: ಡಿಸೆಂಬರ್ 21ರಿಂದ ಜನವರಿ 30ರವರೆಗಿನ ನಲವತ್ತು ದಿನಗಳನ್ನು ಕಾಶ್ಮೀರಿಗಳು ‘ಚಿಲ್ಲಾಯ್ ಕಲಾನ್’ ಎನ್ನುತ್ತಾರೆ. ಅತಿ ಹೆಚ್ಚು ಚಳಿ ಇರುವುದು ಆಗಲೇ ಹೌದಾದರೂ ಚಳಿ ಮತ್ತು ಹಿಮ ಒಂದೇ ಅಲ್ಲ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್‌ನಲ್ಲಿ ಹಿಮವಿಲ್ಲದೆ ಹುಲ್ಲುಗಾವಲು ಬೋಳಾಗಿತ್ತು, ಹಿಮ ಸುರಿದದ್ದು ತಿಂಗಳ ಕೊನೆಯಲ್ಲಿ. ಮರುವರ್ಷ ಡಿಸೆಂಬರ್ ಕೊನೆಯಲ್ಲಿಯೇ ಕಣಿವೆಯಲ್ಲಿ ಭಾರಿ ಹಿಮ ಬಿದ್ದರೂ, ನಂತರ ಹಿಮ ಸಾಲದೆ 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮಾರ್ಚ್‌ಗೆ ಮುಂದೂಡಬೇಕಾಯಿತು. ನಿಮ್ಮದು ಕೊಯ್ಲಿನ ಮೇಲೆ ನಿಂತ ಪ್ರವಾಸವಾದ್ದರಿಂದ ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಮರಳುವಂತೆ ಫೆಬ್ರುವರಿಯ ಮೊದಲೆರಡು ವಾರಗಳನ್ನು ಇಟ್ಟುಕೊಳ್ಳಿ, ಸಾಧ್ಯವಿದ್ದರೆ ದಿನ ಬದಲಿಸಬಹುದಾದ ಟಿಕೆಟ್ ತೆಗೆದುಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿ ಹಿಮಬಿರುಗಾಳಿಗೆ ಊರುಗಳೇ ಹೂತುಹೋಗುವುದನ್ನು ಟಿವಿಯಲ್ಲಿ ನೋಡಿದ ಮಕ್ಕಳು, ‘ಭೂಮಿ ಬಿಸಿಯಾಗುತ್ತಿದೆ ಎಂದರೆ ಇದು ಹೇಗೆ?’ ಎಂದು ಕೇಳುತ್ತಾರೆ. ಏನು ಹೇಳಲಿ?
— ಪ್ರೌಢಶಾಲಾ ಶಿಕ್ಷಕಿ, ಹಾಸನ

ಉತ್ತರ: ಮಕ್ಕಳ ಪ್ರಶ್ನೆ ಒಳ್ಳೆಯದು, ದೊಡ್ಡವರು ಇದನ್ನೇ ಕುಹಕವಾಗಿ ಕೇಳುವಾಗ ಮಾತ್ರ ಬೇಸರವಾಗುತ್ತದೆ. ಮೊದಲನೆಯದಾಗಿ, ಒಂದು ವಾರದ ಚಳಿ ಹವೆಯ ವಿಷಯ, ಮೂವತ್ತು ವರ್ಷಗಳ ಸರಾಸರಿ ಹವಾಗುಣದ ವಿಷಯ. ವಿಶ್ವ ಹವಾಮಾನ ಸಂಸ್ಥೆ ಈಗ ಹೋಲಿಕೆಗೆ ಬಳಸುವ ‘ವಾಡಿಕೆ’ 1991ರಿಂದ 2020ರವರೆಗಿನದು. 2021ರ ಫೆಬ್ರುವರಿಯಲ್ಲಿ ಧ್ರುವ ಪ್ರದೇಶದ ತಣ್ಣನೆಯ ಗಾಳಿ ದಕ್ಷಿಣಕ್ಕೆ ಜಾರಿ ಟೆಕ್ಸಾಸ್ ರಾಜ್ಯವನ್ನು ಹೆಪ್ಪುಗಟ್ಟಿಸಿತು. ಆದರೂ ಇಡೀ ಭೂಮಿಯ ಸರಾಸರಿಯಲ್ಲಿ ಆ ವರ್ಷ ಅಲ್ಲಿಯವರೆಗಿನ ಅತ್ಯಂತ ಬಿಸಿಯಾದ ಏಳು ವರ್ಷಗಳ ಪಟ್ಟಿಯಲ್ಲಿಯೇ ಸೇರಿತು.

ಎರಡನೆಯದು ಹೆಚ್ಚು ಸ್ವಾರಸ್ಯಕರವಾದದ್ದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಮೈನಸ್ ಹದಿನೈದು ಡಿಗ್ರಿ ಇದ್ದ ಕಡೆ ಅದು ಮೈನಸ್ ಹದಿಮೂರಾದರೆ ಬೀಳುವುದು ಹಿಮವೇ, ಆದರೆ ಒಂದೊಂದು ಬಾರಿ ಮೊದಲಿಗಿಂತ ಹೆಚ್ಚು. ಅದೇ ಎರಡು ಡಿಗ್ರಿ ಏರಿಕೆ ಮೈನಸ್ ಒಂದರಲ್ಲಿದ್ದ ಊರಿಗೆ ಬಂದರೆ ಹಿಮ ಮಳೆಯಾಗುತ್ತದೆ. ಹೀಗಾಗಿ ಭೂಮಿ ಬಿಸಿಯಾಗುವಾಗ ಹಿಮ ಎಲ್ಲ ಕಡೆ ಒಂದೇ ಸಮನೆ ಕಡಿಮೆಯಾಗುವುದಿಲ್ಲ. ಉತ್ತರಾರ್ಧಗೋಳದ ನದೀ ಕೊಳ್ಳಗಳ ಮಾರ್ಚ್ ತಿಂಗಳ ಹಿಮವನ್ನು ಪರಿಶೀಲಿಸಿ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2024ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಅಂಕಿಗೆ ಇಳಿಸಿತು: ಚಳಿಗಾಲದ ಸರಾಸರಿ ಮೈನಸ್ 8 ಡಿಗ್ರಿಗಿಂತ ತಣ್ಣಗಿರುವ ಕಡೆ ಬಿಸಿಯೇರಿಕೆಯ ಪರಿಣಾಮ ಅಲ್ಪ, ಅದಕ್ಕಿಂತ ಬೆಚ್ಚಗಿರುವ ಕಡೆ ಪ್ರತಿಯೊಂದು ಡಿಗ್ರಿಗೂ ನಷ್ಟ ಹೆಚ್ಚುಹೆಚ್ಚು ವೇಗ ಪಡೆಯುತ್ತದೆ. ಹಿಂದೂಕುಶ್-ಹಿಮಾಲಯ ಪ್ರದೇಶದಲ್ಲಿ ಹಿಮ ನೆಲದ ಮೇಲೆ ಉಳಿಯುವ ಅವಧಿ 2024-25ರ ಚಳಿಗಾಲದಲ್ಲಿ ವಾಡಿಕೆಗಿಂತ ಶೇ 23.6ರಷ್ಟು ಕಡಿಮೆಯಿತ್ತು ಎಂದು ಕಠ್ಮಂಡುವಿನ ಐಸಿಮಾಡ್ (ಸಮಗ್ರ ಪರ್ವತಾಭಿವೃದ್ಧಿಯ ಅಂತರರಾಷ್ಟ್ರೀಯ ಕೇಂದ್ರ) ಸಂಸ್ಥೆ ವರದಿ ಮಾಡಿದೆ. ಗಂಗೆ ಮತ್ತು ಸಿಂಧೂ ನದಿಗಳ ಬೇಸಿಗೆಯ ನೀರಿನಲ್ಲಿ ಈ ಹಿಮದ ಪಾಲಿದೆ ಎಂಬುದನ್ನು ತರಗತಿಯಲ್ಲಿ ಸೇರಿಸಿ ಹೇಳಿ, ಆಗ ಸ್ಕೀಯಿಂಗ್ ಗೊತ್ತಿಲ್ಲದ ಮಕ್ಕಳಿಗೂ ವಿಷಯ ತಾಗುತ್ತದೆ.

ಪ್ರಶ್ನೆ: ಹಿಮ ಬೀಳದಿದ್ದರೆ ಯಂತ್ರದಿಂದ ಮಾಡಬಹುದಲ್ಲವೇ?
— ಓದುಗರು, ಅರಸೀಕೆರೆ

ಉತ್ತರ: ಮಾಡಬಹುದು, ಮಾಡುತ್ತಾರೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಯಂತ್ರದ ಹಿಮದ ಮೇಲೆಯೇ ನಡೆಯಿತು. ಆದರೆ ಅದಕ್ಕೂ ಚಳಿ ಬೇಕು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಉಷ್ಣಾಂಶ ಸುಮಾರು ಮೈನಸ್ ಎರಡಕ್ಕಿಂತ ಕೆಳಗಿಳಿಯದಿದ್ದರೆ ಸಾಮಾನ್ಯ ಹಿಮಯಂತ್ರಗಳು ಕೆಲಸಕ್ಕೆ ಬರುವುದಿಲ್ಲ. ನೀರು ಮತ್ತು ವಿದ್ಯುತ್ತಿನ ಖರ್ಚು ಬೇರೆ.

ಪ್ರಶ್ನೆ: ಉತ್ತರದಲ್ಲಿ ಪಶ್ಚಿಮದ ಕ್ಷೋಭೆ ಜೋರಾದರೆ ನಮ್ಮ ಕಣದಲ್ಲಿ ಹರವಿದ ಕಾಫಿ ನೆನೆಯುತ್ತದೆಯೇ? ಡಿಸೆಂಬರ್ ಮಳೆಗೂ ಅದಕ್ಕೂ ಸಂಬಂಧವಿದೆಯೇ?
— ಬೆಳೆಗಾರರು, ಬಾಳೆಹೊನ್ನೂರು

ಉತ್ತರ: ನೇರ ಸಂಬಂಧವಿಲ್ಲ. ಕೊಯ್ಲಿನ ಕಾಲದಲ್ಲಿ ನಮ್ಮನ್ನು ಕಾಡುವ ಮಳೆ ಸಾಮಾನ್ಯವಾಗಿ ಬಂಗಾಳ ಕೊಲ್ಲಿಯಿಂದ ಬರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಅವಶೇಷವು ಡಿಸೆಂಬರ್ ಮೊದಲ ದಿನಗಳಲ್ಲಿ ಮಲೆನಾಡಿನವರೆಗೂ ಮಳೆ ತಂದು ಒಣಗುತ್ತಿದ್ದ ಹಣ್ಣನ್ನು ತೊಯ್ಯಿಸಿದ್ದನ್ನು ನಿಮ್ಮ ಭಾಗದವರು ಮರೆತಿರಲಾರರು. ಆದುದರಿಂದ ನವೆಂಬರ್-ಡಿಸೆಂಬರ್‌ನಲ್ಲಿ ನೀವು ನೋಡಬೇಕಾದದ್ದು ಕೊಲ್ಲಿಯ ನಕ್ಷೆ, ಕಾಶ್ಮೀರದ್ದಲ್ಲ. ದೂರದ ಹವೆಗಳು ಒಂದಕ್ಕೊಂದು ಕೊಂಡಿಯಾಗಿರುವುದಂತೂ ಸುಳ್ಳಲ್ಲ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ನಮ್ಮ ಮುಂಗಾರನ್ನು ಮುಂಚಿತವಾಗಿ ಹೇಳುವ ದಾರಿ ಹುಡುಕುತ್ತ ಹೋಗಿಯೇ ಪೆಸಿಫಿಕ್ ಸಾಗರದ ಎರಡು ಬದಿಗಳ ನಡುವೆ ವಾಯುಭಾರ ತೂಗಾಡುವುದನ್ನು ಗುರುತಿಸಿದರು. ಎಲ್ ನಿನೊ ಬಗೆಗಿನ ಇಂದಿನ ತಿಳಿವಳಿಕೆಯ ಒಂದು ಬೇರು ಅಲ್ಲಿದೆ.

ಪ್ರಶ್ನೆ: ನಮ್ಮ ಕಡೆಯವರು ಸ್ಕೀಯಿಂಗ್ ಕಲಿಯಲು ಸಾಧ್ಯವೇ? ಹಿಮಕುಸಿತದ ಭಯ ಎಷ್ಟರಮಟ್ಟಿಗೆ ನಿಜ?
— ಚಾರಣಾಸಕ್ತೆ, ಸಕಲೇಶಪುರ

ಉತ್ತರ: ಖಂಡಿತ ಸಾಧ್ಯ. ನೆರೆಯ ಕೊಡಗಿನ ಭವಾನಿ ಟಿ.ಎನ್. ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಗುಲ್ಮಾರ್ಗ್‌ನಲ್ಲಿ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯೂ ತರಬೇತಿ ಕೊಡುತ್ತವೆ. ಉತ್ತರಾಖಂಡದ ಔಲಿಯ ಇಳಿಜಾರುಗಳೂ ಹೆಸರಾದವು.

ಹಿಮಕುಸಿತದ ಭಯ ಕಲಿಯುವವರ ಮೆಲ್ಲನೆಯ ಇಳಿಜಾರಿನಲ್ಲಿ ಬಹಳ ಕಡಿಮೆ, ಗುರುತು ಹಾಕದ ಬೆಟ್ಟದ ಮೈಯಲ್ಲಿ ಬಹಳ ಹೆಚ್ಚು. ಹಿಮ ಪದರಪದರವಾಗಿ ಕೂರುತ್ತದೆ. ತೆಳುವಾದ ಹಿಮದ ಮೇಲೆ ಬಹುಕಾಲ ಒಣ ಚಳಿ ನಿಂತರೆ, ಕೆಳಗಿನ ಬೆಚ್ಚನೆಯ ನೆಲದಿಂದ ಏರುವ ಆವಿಯಿಂದ ಆ ಪದರದ ಹರಳುಗಳು ದಪ್ಪ ಸಕ್ಕರೆಯಂತೆ ಬಿಡಿಬಿಡಿಯಾಗಿ ಪರಸ್ಪರ ಅಂಟನ್ನು ಕಳೆದುಕೊಳ್ಳುತ್ತವೆ. ಅದರ ಮೇಲೆ ಒಮ್ಮೆಲೇ ಭಾರಿ ಹಿಮ ಬಿದ್ದರೆ ಮೇಲಿನ ಹೊರೆ ಹಾಸುಗಲ್ಲಿನಷ್ಟು ದಪ್ಪವಾಗಿ ಜಾರುವುದಕ್ಕೆ ಒಬ್ಬ ಸ್ಕೀಯರ್‌ನ ತೂಕ ಸಾಕು. ಹೀಗಾಗಿ ಹಿಮ ಕಡಿಮೆ ಬಿದ್ದ ಚಳಿಗಾಲ ಕ್ಷೇಮದ ಚಳಿಗಾಲವಲ್ಲ. ಗುಲ್ಮಾರ್ಗ್‌ನ ಸುತ್ತಲಿನ ಇಳಿಜಾರುಗಳಲ್ಲಿ 2023ರ ಮತ್ತು 2024ರ ಫೆಬ್ರುವರಿಗಳೆರಡರಲ್ಲಿಯೂ ವಿದೇಶಿ ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಆಗುತ್ತವೆ, ಮತ್ತು ದೊಡ್ಡ ಹಿಮಪಾತದ ನಂತರದ ಒಂದೆರಡು ದಿನಗಳು, ಅಂದರೆ ಆಕಾಶ ತಿಳಿಯಾಗಿ ಬೆಟ್ಟ ಕೈಬೀಸಿ ಕರೆಯುವ ದಿನಗಳೇ, ಅತ್ಯಂತ ಅಪಾಯದವು. ಚಂಡೀಗಢದಲ್ಲಿರುವ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ ಹಿಮಾಲಯದ ರಾಜ್ಯಗಳಿಗೆ ಹಿಮಕುಸಿತದ ಎಚ್ಚರಿಕೆ ನೀಡುತ್ತದೆ. ಹೊರಡುವ ಮುನ್ನಾದಿನ ಸಂಜೆ ಅದನ್ನು ನೋಡಿ, ಅಪಾಯದ ಐದು ಹಂತಗಳಲ್ಲಿ ಅದು ಮೂರು ಅಥವಾ ಮೇಲಿದ್ದರೆ ಗೊಂಡೊಲಾದ ಮೇಲಿನ ನಿಲ್ದಾಣದಿಂದ ಗುರುತು ಹಾಕಿದ ದಾರಿ ಬಿಟ್ಟು ಇಳಿಯುವ ಯಾರ ಜೊತೆಗೂ, ಅವರು ಎಷ್ಟೇ ಪಳಗಿದವರಾಗಿರಲಿ, ಹೋಗಬೇಡಿ.