ಕೈ ಮುಂದೆ, ಕರುಳು ಹಿಂದೆ

ಪ್ರಶ್ನೆ: ಅಯ್ಯನವರೇ, ನನ್ನ ತಾಯಿ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ರಾತ್ರಿ ಮಗ್ಗುಲು ಹೊರಳಿಸುವುದು ಎಲ್ಲವೂ ನನ್ನದೇ. ಆಕೆಯ ಅಕ್ಕರೆಯೆಲ್ಲ ಮೊದಲಿನಿಂದಲೂ ನನ್ನ ತಮ್ಮನ ಮೇಲೆ. ದೂರದಲ್ಲಿರುವ ಅವನು ಫೋನ್ ಮಾಡಿದರೆ ಸಾಕು, ಮುಖ ಅರಳುತ್ತದೆ. ನನ್ನೊಳಗೆ ಪ್ರೀತಿಯಿಲ್ಲ, ಬರೀ ಸಿಡುಕು. ಸಭೆಯ ಹಿರಿಯರೊಬ್ಬರು, "ಕ್ರೈಸ್ತ ಪ್ರೀತಿ ಎಂದರೆ ಕೆಲಸ, ಭಾವನೆಯಲ್ಲ, ತಲೆ ಕೆಡಿಸಿಕೊಳ್ಳಬೇಡ" ಎಂದರು. ಸಮಾಧಾನವಾಗಲಿಲ್ಲ. ನಾನು ಮಾಡುತ್ತಿರುವುದು ಬೂಟಾಟಿಕೆಯೇ?

ಉತ್ತರ: ಅಲ್ಲ, ತಾಯಿ. ಬೂಟಾಟಿಕೆಯವರು ನೋಡುವವರಿದ್ದಾಗ ಮಾತ್ರ ಸೇವೆ ಮಾಡುತ್ತಾರೆ. ಮಗ್ಗುಲು ಹೊರಳಿಸಲೆಂದು ನಡುರಾತ್ರಿ ಏಳುವುದಿಲ್ಲ. ಆದರೆ ನಿಮ್ಮ ಹಿರಿಯರು ಹೇಳಿದ್ದು ಅರ್ಧ ನಿಜ. ಅದರಿಂದ ನಿಮಗೆ ಸಮಾಧಾನವಾಗದೆ ಹೋದದ್ದೇ ಒಳ್ಳೆಯದಾಯಿತು.

ಪತ್ರ ಓದುವಾಗ ನನಗೆ ನೆನಪಾದವನು ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಹಿರಿಯ ಮಗ. ಪ್ರಸಂಗಗಳಲ್ಲಿ ಪಾಪ, ಅವನಿಗೆ ಸಿಗುವುದು ಬೈಗುಳವೇ. ನಾನೂ ಎಷ್ಟೋ ಸಲ ಬೈದಿದ್ದೇನೆ. ಅಪ್ಪನ ಮಾತನ್ನು ಒಮ್ಮೆಯೂ ಮೀರಿಲ್ಲ ಎನ್ನುವವನು ಅವನು. ಹೊಲದಿಂದ ಬರುವಾಗ ಮನೆಯಲ್ಲಿ ವಾದ್ಯದ ಸದ್ದು ಕೇಳಿಸಿತು, ಆಸ್ತಿ ಹಾಳುಮಾಡಿ ಮನೆಗೆ ಮರಳಿದ ತಮ್ಮನಿಗಾಗಿ ಅಪ್ಪ ಔತಣ ಮಾಡಿಸಿದ್ದಾನೆಂದು ತಿಳಿದು ಹೊರಗೇ ನಿಂತ. ಪ್ರೀತಿ ಎಂದರೆ ಕೆಲಸ ಮಾತ್ರವಾಗಿದ್ದರೆ ಆ ಕಥೆಗೆ ಅವನೇ ನಾಯಕನಾಗಬೇಕಿತ್ತು. ಯೇಸು ಹಾಗೆ ಹೇಳಲಿಲ್ಲ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುವುದು ಇನ್ನಷ್ಟು ದುಡಿ ಎಂದಲ್ಲ, ಒಳಗೆ ಬಂದು ನಮ್ಮೊಂದಿಗೆ ಸಂತೋಷಪಡು ಎಂದು. ಮಗ ಒಳಗೆ ಹೋದನೋ ಇಲ್ಲವೋ, ಲೂಕ ಬರೆಯಲಿಲ್ಲ. ಮುನಿದು ನಿಂತವನನ್ನು ಅಪ್ಪ ಗದರಲಿಲ್ಲ ಎಂಬುದನ್ನು ಮಾತ್ರ ನೀವು ಗಮನಿಸಬೇಕು.

13ನೆಯ ಶತಮಾನದ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಪ್ರೀತಿ, ದ್ವೇಷ, ಭಯ, ಕೋಪ ಎಂದು ಒಟ್ಟು 11 ಭಾವಗಳನ್ನು ಎಣಿಸಿ, ಒಂದೊಂದನ್ನೂ ಜಾಲಾಡಿದವರು. ಒಳ್ಳೆಯದನ್ನು ಸಂಕಲ್ಪದಿಂದ ಮಾಡಿದರೂ ಒಳ್ಳೆಯದೇ. ಭಾವವೂ ಅದರ ಜೊತೆಗೂಡಿದರೆ ಆ ಒಳ್ಳೆಯತನ ಇನ್ನಷ್ಟು ಪೂರ್ಣ ಎಂದು ಅವರು ವಾದಿಸುತ್ತಾರೆ. ಅದಕ್ಕೆ ಸಾಕ್ಷಿಯಾಗಿ ತರುವುದು, ಹೃದಯವೂ ಶರೀರವೂ ಒಟ್ಟಿಗೆ ದೇವರಿಗೆ ಹರ್ಷಧ್ವನಿ ಮಾಡುವ 84ನೆಯ ಕೀರ್ತನೆಯನ್ನು. ನಿಮ್ಮ ಸಂಕಲ್ಪ ಅಮ್ಮನ ಮಂಚದವರೆಗೆ ಬಂದು ತಲುಪಿದೆ, ಮನಸ್ಸು ಇನ್ನೂ ದಾರಿಯಲ್ಲಿದೆ. ಅಷ್ಟೇ.

ಅದನ್ನು ಅಪ್ಪಣೆ ಕೊಟ್ಟು ಕರೆತರಲಾಗದು. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ 'ಕನಿಕರಪಟ್ಟನು' ಎಂದು ನಾವು ಓದುತ್ತೇವಲ್ಲ, ಅಲ್ಲಿನ ಗ್ರೀಕ್ ಕ್ರಿಯಾಪದ ಹುಟ್ಟಿರುವುದು ಹೊಟ್ಟೆಯೊಳಗಿನ ಅಂಗಗಳ ಹೆಸರಿನಿಂದ. ನನ್ನನ್ನು ಕೇಳಿದರೆ ನಮ್ಮ 'ಕರುಳು ಚುರುಕ್ಕೆಂದಿತು' ಎಂಬುದೇ ಮೂಲಕ್ಕೆ ಹತ್ತಿರ. ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಯಾಜಕನೂ ನೋಡಿದ, ದೇವಾಲಯದ ಸೇವೆಯವನಾದ ಲೇವಿಯನೂ ನೋಡಿದ. ಆದರೆ ಇಬ್ಬರೂ ದಾರಿಯ ಆಚೆ ಮಗ್ಗುಲಿಗೆ ಸರಿದು ಹೋದರು. ಸಮಾರ್ಯದವನು ಅವನಿದ್ದ ಕಡೆಗೆ ಬಂದ, ನೋಡಿದ. ಆಗ ಕರುಳು ಮಿಡಿಯಿತು. ಮಂಚದ ಪಕ್ಕದಲ್ಲೇ ನಿಂತುಕೊಂಡು ಆಚೆ ಮಗ್ಗುಲಿಗೆ ಹೋಗುವುದೂ ಸಾಧ್ಯ. ಇದು ನನಗೆ ಅನುಭವದಿಂದ ಗೊತ್ತು.

ನನ್ನ ತಂದೆಯ ಕೊನೆಯ ಎಂಟು ತಿಂಗಳು ಅವರನ್ನು ನೋಡಿಕೊಂಡವನು ನಾನೇ. ಭಾನುವಾರ ಕರುಣೆಯ ಮೇಲೆ ಪ್ರಸಂಗ, ಸೋಮವಾರ ಗಡಿಯಾರ ನೋಡುತ್ತ ಸೇವೆ. ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ದಪ್ಪಗಾಗಿತ್ತು. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸದೆ ಕತ್ತರಿಗೆ ಬಗ್ಗುತ್ತಿರಲಿಲ್ಲ. ಆ ಹತ್ತು ನಿಮಿಷ ಅವರ ಕೈ ಹಿಡಿದು ಕುಳಿತಿರುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಒಂದು ದಿನ, "ಇದು ಹೇಗೆ ಸೀಳಿತು?" ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ನಿನ್ನಮ್ಮನಿಗೆ ಗೊತ್ತಿತ್ತು" ಎಂದರು. ಅಮ್ಮ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಅಂದು ನನ್ನ ಕರುಳು ಚುರುಕ್ಕೆಂದಿತು. ಮರುದಿನ ಗಂಜಿ ಚೆಲ್ಲಿದಾಗ ಮತ್ತೆ ಸಿಡುಕಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಹಾಗಾಗಿ ದಿನಕ್ಕೊಂದು ಕೆಲಸವನ್ನಾದರೂ ಅವಸರವಿಲ್ಲದೆ, ಆ ಕೈಯನ್ನೋ ಮುಖವನ್ನೋ ನೋಡುತ್ತ ಮಾಡಿ. ಪ್ರೀತಿ ಉಕ್ಕಿತೇ ಎಂದು ಪರೀಕ್ಷಿಸಿಕೊಳ್ಳಲು ಹೋಗಬೇಡಿ. ತಮ್ಮನ ಬಗೆಗಿನ ನೋವನ್ನು ನುಂಗಿಕೊಳ್ಳಲೂಬೇಡಿ. 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಾಂತ್ವನದ ಸಾಲೂ ಇಲ್ಲ. ಆದರೂ ಅದನ್ನು ಪ್ರಾರ್ಥನೆಯೆಂದೇ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ. ಇನ್ನು, ನಿಮ್ಮ ಸಿಡುಕಿನಲ್ಲಿ ಪಾಪಕ್ಕಿಂತ ನಿದ್ದೆಗೇಡಿನ ಪಾಲೇ ಹೆಚ್ಚೆಂದು ನನ್ನ ಗುಮಾನಿ. ತಮ್ಮನಿಗೆ ಹದಿನೈದು ದಿನ ಬಂದಿರಲು ಹೇಳಿ. ಅದು ಬರೀ ಭಾವನೆಯ ಮಾತಲ್ಲ, ನ್ಯಾಯದ ಮಾತು.

ಪ್ರಶ್ನೆ: ಪ್ರಾರ್ಥನಾ ಕೂಟದಲ್ಲಿ ನನಗೆ ಕಣ್ಣೀರು ಧಾರಾಕಾರವಾಗಿ ಸುರಿಯುತ್ತದೆ. ಮನೆಗೆ ಬಂದರೆ ತಂಗಿಯ ಮೇಲೆ ಕೂಗಾಡುತ್ತೇನೆ. ಆ ಕಣ್ಣೀರು ಸುಳ್ಳೇ?

ಉತ್ತರ: ತಮ್ಮಾ, ಸುಳ್ಳೆಂದೂ ನಿಜವೆಂದೂ ಕಣ್ಣೀರು ನೋಡಿ ಹೇಳಲಾಗುವುದಿಲ್ಲ. 1740ರ ದಶಕದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ದೊಡ್ಡ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ನಡೆದು, ಕೂಟಗಳಲ್ಲಿ ಜನ ಅತ್ತರು, ನಡುಗಿದರು, ನೆಲಕ್ಕೆ ಬಿದ್ದರು. ಇದೆಲ್ಲ ಪವಿತ್ರಾತ್ಮನ ಕೆಲಸವೆಂದು ಕೆಲವರು, ಹುಚ್ಚೆಂದು ಇನ್ನು ಕೆಲವರು. ಅದನ್ನೆಲ್ಲ ಕಣ್ಣಾರೆ ಕಂಡ ಸಭಾಪಾಲಕ ಜೊನಾಥನ್ ಎಡ್ವರ್ಡ್ಸ್ 1746ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಿಜವಾದ ಭಕ್ತಿಯ ಬಹುಪಾಲು ಇರುವುದು ಹೃದಯದ ಭಾವಗಳಲ್ಲೇ ಎಂದು ಒಪ್ಪಿಕೊಂಡೇ, ಮೈ ನಡುಗಿದ್ದು ಯಾವುದಕ್ಕೂ ಸಾಕ್ಷಿಯಲ್ಲ ಎಂದರು. ನಿಜವಾದ ಭಕ್ತಿಭಾವಕ್ಕೆ ಅವರು ಕೊಟ್ಟ 12 ಗುರುತುಗಳಲ್ಲಿ ಕೊನೆಯದು, ಎಲ್ಲಕ್ಕಿಂತ ಹೆಚ್ಚು ತೂಕದ್ದು, ನಡತೆ.

ಕಣ್ಣೀರು ಬರುವ ಮನಸ್ಸು ನಿನ್ನಲ್ಲಿ ಇದೆಯಲ್ಲ, ಅದು ಒಳ್ಳೆಯ ಮಣ್ಣು, ಬೇಡವೆನ್ನಬೇಡ. ಆದರೆ ಮುಂದಿನ ಕೂಟಕ್ಕೆ ಹೊರಡುವ ಮೊದಲು ತಂಗಿಯ ಬಳಿ ಹೋಗಿ, ಕಳೆದ ವಾರ ಯಾವ ಮಾತಿನಿಂದ ಅವಳಿಗೆ ಹೆಚ್ಚು ನೋವಾಯಿತೆಂದು ಕೇಳು. ಉತ್ತರ ಮುಗಿಯುವವರೆಗೆ ಸಮಜಾಯಿಷಿ ಕೊಡಬೇಡ. ಅವಳು ಏನೆಂದಳು ಎಂದು ನನಗೆ ಬರೆ.