ರೆಂಟ್, ಲೀಸ್: ಎರಡೂ ಬಾಡಿಗೆಯೇನಾ?

ನಿಘಂಟಿನಲ್ಲಿ ಎರಡಕ್ಕೂ ‘ಬಾಡಿಗೆ’ ಎಂದಿದೆ, ಬೆಂಗಳೂರಿನ ಬ್ರೋಕರ್ ಮಾತ್ರ ‘ರೆಂಟಾ, ಲೀಸಾ?’ ಅಂತಾನೆ, ಏನು ವ್ಯತ್ಯಾಸ ಎಂದು ಕೇಳಿದ್ದೀರಿ. ಬ್ರೋಕರ್ ಹೇಳುವ ಲೀಸ್ ಇಂಗ್ಲಿಷಿನವರ ಲೀಸ್ ಅಲ್ಲ, ಗೊಂದಲ ಅಲ್ಲೇ ಇರುವುದು.

ಇಂಗ್ಲಿಷಿನಲ್ಲಿ ರೆಂಟ್ ಅಂದರೆ ಮುಖ್ಯವಾಗಿ ಕಟ್ಟುವ ದುಡ್ಡು. ಲೀಸ್ ಅಂದರೆ ಕರಾರು, ಅದರಿಂದ ಸಿಗುವ ಹಕ್ಕು. ಲೀಸ್ ಬರೆಸಿಕೊಂಡು ತಿಂಗಳಾ ತಿಂಗಳಾ ರೆಂಟ್ ಕಟ್ಟಬಹುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಂ ಲೀಸ್ ಏನೆಂದು ಹೇಳುವಾಗಲೇ ರೆಂಟನ್ನೂ ವಿವರಿಸುತ್ತದೆ. ಕ್ರಿಯಾಪದವಾದಾಗ ಸ್ವಲ್ಪ ತೊಡಕು. ‘ಐ ರೆಂಟೆಡ್ ಎ ಹೌಸ್’ ಅಂದರೆ ಸಾಮಾನ್ಯವಾಗಿ ಮನೆ ಬಾಡಿಗೆಗೆ ಹಿಡಿದೆ ಎಂದೇ ಅರ್ಥ. ಕೊಟ್ಟೆ ಅನ್ನಲು ‘ರೆಂಟೆಡ್ ಔಟ್’ ಅನ್ನಿ, ಇಲ್ಲವೇ ‘ಲೆಟ್’ (ಗೇಟಿಗೆ ನೇತುಹಾಕುವ ಟು-ಲೆಟ್ ಬೋರ್ಡಿನದೇ ಪದ). ಲೀಸ್ ಪತ್ರದಲ್ಲಿ ಕೊಟ್ಟವರು ಲೆಸ್ಸರ್, ಪಡೆದವರು ಲೆಸ್ಸೀ. ಸಹಿ ಹಾಕುವ ಮುಂಚೆ ನಿಮ್ಮ ಹೆಸರು ಯಾವುದರ ಮುಂದಿದೆ ನೋಡಿಕೊಳ್ಳಿ.

ಇನ್ನು ಬೆಂಗಳೂರಿನ ಲೀಸ್. ಮಾಲೀಕರಿಗೆ ಒಟ್ಟಿಗೇ ಹತ್ತು-ಹದಿನೈದು ಲಕ್ಷ ಕೊಟ್ಟು, ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಖಾಲಿ ಮಾಡುವಾಗ ಅಸಲು ಪೂರ್ತಿ ವಾಪಸ್ ಪಡೆಯುವುದು. ಬಡ್ಡಿಯೇ ಬಾಡಿಗೆ. ಇದಕ್ಕೆ ನಮ್ಮಲ್ಲಿ ಭೋಗ್ಯ ಎಂಬ ಹೆಸರು ಮೊದಲಿಂದಲೂ ಇದೆ. ಕಾಯ್ದೆಯಲ್ಲಿ ಇದಕ್ಕೆ ಹತ್ತಿರವಿರುವುದು 58ನೇ ಕಲಂನ ಅಡಮಾನ, 105ನೇ ಕಲಂನ ಲೀಸ್ ಅಲ್ಲ.

ಎಡವಟ್ಟಾಗುವುದು ಪತ್ರದಲ್ಲಿ. ಮಾತಾಡಿದ್ದು ಮೂರು ವರ್ಷದ ಭೋಗ್ಯ, ಬರೆಸಿದ್ದು 11 ತಿಂಗಳ ರೆಂಟಲ್ ಅಗ್ರಿಮೆಂಟ್. ವರ್ಷ ಮೀರಿದ ಲೀಸನ್ನು ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಆ ಖರ್ಚು ತಪ್ಪಿಸಲೆಂದೇ ಈ 11. ಮೂರು ವರ್ಷ ಎಂದು ಬರೆದು ನೋಂದಣಿ ಬಿಟ್ಟರೂ ಕಷ್ಟವೇ, ಆ ಷರತ್ತುಗಳನ್ನು ಕೋರ್ಟಿನಲ್ಲಿ ಸಾಬೀತು ಮಾಡಲು ಪತ್ರ ನೆರವಿಗೆ ಬರುವುದಿಲ್ಲ. ದೊಡ್ಡ ಮೊತ್ತವಾದರೆ ನೋಂದಣಿಗೆ ಜಿಪುಣತನ ಬೇಡ. ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಟ್ಟು, ವಾಪಸಾತಿಯ ದಿನಾಂಕ ಬರೆಸಿ. ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ, ಅಷ್ಟಕ್ಕೇ ನಿಲ್ಲಿಸಬೇಡಿ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಎತ್ತಿದ ಸಾಲ ನೋಂದಣಿಯಾಗದಿದ್ದರೆ ಇಸಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಮೂಲ ಕ್ರಯಪತ್ರವನ್ನೇ ತೋರಿಸಿ ಅನ್ನಿ. ಜೆರಾಕ್ಸ್ ಕೊಟ್ಟರೆ ಅಸಲಿ ಎಲ್ಲಿದೆ ಎಂದು ತಿಳಿಯುವವರೆಗೆ ಅಡ್ವಾನ್ಸ್ ಕೊಡಬೇಡಿ.