ಸಾಕೆಟ್ ತೆರೆಯಿತು, ಪುಟ ಏಕೆ ಪೂರ್ತಿ ಬರುತ್ತಿಲ್ಲ?

ಪ್ರಶ್ನೆ: ಪೈಥಾನ್‌ನಲ್ಲಿ ಸಾಕೆಟ್ (ಎರಡು ಕಂಪ್ಯೂಟರ್ ನಡುವೆ ಬೈಟ್ ಸಾಗಿಸುವ ಕೊಂಡಿ) ಬಳಸಿ ಪುಟ್ಟ ವೆಬ್ ಕ್ಲೈಂಟ್ ಬರೆಯುತ್ತಿದ್ದೇನೆ. ಪೋರ್ಟ್ 80ಕ್ಕೆ ಕನೆಕ್ಟ್ ಆಗುತ್ತದೆ. ಆದರೆ ಪುಟ ಕೇಳುವ ಗೆಟ್ ಸಾಲು ಕಳಿಸಿದ ಮೇಲೆ ಪ್ರೋಗ್ರಾಂ ಸುಮ್ನೆ ನಿಂತುಬಿಡುತ್ತದೆ. ಕೋಡ್ ತಿದ್ದಿದಾಗ ಕೆಲವೊಮ್ಮೆ ಅರ್ಧ ಪುಟ ಬರುತ್ತದೆ. ಕನ್ನಡ ಪುಟವಾದರೆ ಬೈಟ್‌ಗಳನ್ನು ಅಕ್ಷರ ಮಾಡುವಾಗ ಡಿಕೋಡ್ ಎರರ್ ಬೇರೆ. ಲೈಬ್ರರಿ ಬಳಸಿಬಿಡಲೇ?

ಉತ್ತರ: ಈಗಲೇ ಬೇಡ. ಲೈಬ್ರರಿ ಎಲ್ಲಿಗೂ ಓಡಿಹೋಗುವುದಿಲ್ಲ. ವೆಬ್ ಕೆಲಸ ಕಲಿಯುವವರು ಒಮ್ಮೆಯಾದರೂ ಬರೀ ಸಾಕೆಟ್‌ನಿಂದ ಒಂದು ಪುಟ ತರಿಸಲೇಬೇಕು ಅನ್ನುವವಳು ನಾನು. ನೀವು ಗುರಿಯ ಹತ್ತಿರವೇ ಇದ್ದೀರಿ.

ಪ್ರೋಗ್ರಾಂ ನಿಲ್ಲುವುದು ಖಾಲಿ ಸಾಲಿಲ್ಲದೆ. ಪ್ರತಿ ಸಾಲಿನ ಕೊನೆಗೆ 13 ಮತ್ತು 10 ಎಂಬ ಎರಡು ಬೈಟ್ ಇರಬೇಕು. ಹೆಡರ್‌ಗಳೆಲ್ಲ (ಕೋರಿಕೆಯ ವಿವರ ಹೇಳುವ ಸಾಲುಗಳು) ಮುಗಿದ ಮೇಲೆ ಅದೇ ಜೋಡಿ ಇನ್ನೊಮ್ಮೆ. ಅದು ಬರುವವರೆಗೆ ನಿಮ್ಮ ಮಾತು ಮುಗಿದಿಲ್ಲ ಎಂದು ಸರ್ವರ್ ಕಾಯುತ್ತದೆ, ನೀವು ಸರ್ವರ್‌ಗಾಗಿ ಕಾಯುತ್ತೀರಿ. ವೆಬ್‌ನ ಮಾತುಕತೆಯ ನಿಯಮವಾದ ಎಚ್‌ಟಿಟಿಪಿಯ 1.1 ಆವೃತ್ತಿ ಆದರೆ, ಸೈಟ್ ಹೆಸರು ಹೇಳುವ ಹೋಸ್ಟ್ ಹೆಡರ್ ಕಡ್ಡಾಯ. ಒಂದೇ ಐಪಿ ವಿಳಾಸದಲ್ಲಿ ಹತ್ತಾರು ಸೈಟ್ ಇರಬಹುದು, ಯಾವುದು ಬೇಕೆಂದು ಹೇಳಬೇಕಲ್ವಾ?

ಇನ್ನು ಅರ್ಧ ಪುಟದ ವಿಚಾರ. ಇಲ್ಲೇ ಜಾಸ್ತಿ ಜನ ಎಡವುವುದು. ಸಾಕೆಟ್‌ನಿಂದ ಬೈಟ್ ಓದುವ ರಿಸೀವ್‌ಗೆ (recv) 4096 ಎಂದು ಕೊಟ್ಟರೆ 'ಹೆಚ್ಚೆಂದರೆ ಅಷ್ಟು' ಎಂದರ್ಥ. ಹತ್ತೇ ಬೈಟ್ ಬಂದರೂ ಅದು ಸರಿಯೇ. ಸಾಕೆಟ್‌ನ ಕೆಳಗೆ ಬೈಟ್ ಸಾಗಿಸುವ ಟಿಸಿಪಿ ಅವುಗಳ ಕ್ರಮ ಕಾಪಾಡುತ್ತದೆ. ಎಲ್ಲಿ ಶುರು, ಎಲ್ಲಿ ಕೊನೆ ಎಂಬ ಲೆಕ್ಕ ಅದಕ್ಕಿಲ್ಲ. ಹಾಗಾಗಿ ಲೂಪ್ ಹಾಕಿ, ರಿಸೀವ್ ಖಾಲಿ ಕೈಯಲ್ಲಿ ಮರಳುವವರೆಗೆ ಓದಿ. ಆ ಖಾಲಿ ಬರುವುದು ಸರ್ವರ್ ಕನೆಕ್ಷನ್ ಮುಚ್ಚಿದಾಗ. 1.1ರಲ್ಲಿ ಅದು ತಾನಾಗಿ ಮುಚ್ಚುವ ಆತುರದಲ್ಲಿರುವುದಿಲ್ಲ, ಆದ್ದರಿಂದ 'ಕನೆಕ್ಷನ್: ಕ್ಲೋಸ್' ಎಂಬ ಹೆಡರ್ ಕಳಿಸಿ.

ಡಿಕೋಡ್ ಎರರ್ ಬರುವುದೂ ಇದೇ ಕಾರಣಕ್ಕೆ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಎಂದರೆ 3 ಬೈಟ್. 'ಕನ್ನಡ' ಎಂಬ ಪದಕ್ಕೆ, ಒತ್ತಕ್ಷರ ಮೂಡಿಸುವ ್ ಚಿಹ್ನೆಯೂ ಸೇರಿ, 15. ತುಂಡು ಬಿದ್ದದ್ದು ಆ ಮೂರರ ನಡುವೆಯೇ ಆದರೆ? ಒಂದೊಂದು ತುಂಡನ್ನೂ ಡಿಕೋಡ್ ಮಾಡಬೇಡಿ. ಬೈಟ್‌ಗಳನ್ನೆಲ್ಲ ಮೊದಲು ಸೇರಿಸಿ, ಹೆಡರ್ ಬೇರ್ಪಡಿಸಿ, ಆಮೇಲೆ ಒಂದೇ ಸಲ ಡಿಕೋಡ್ ಮಾಡಿ. ಉತ್ತರದ ಉದ್ದ ತಿಳಿಸುವ ಕಂಟೆಂಟ್-ಲೆಂತ್ ಹೆಡರ್ ಹೇಳುವುದೂ ಬೈಟ್ ಲೆಕ್ಕವನ್ನೇ, ಅಕ್ಷರಗಳನ್ನಲ್ಲ.

ಪುಟದ ನಡುನಡುವೆ ವಿಚಿತ್ರ ಹೆಕ್ಸ್ ಸಂಖ್ಯೆ ಕಂಡರೆ ಅದು ಚಂಕ್ಡ್ (ತುಂಡು ತುಂಡಾಗಿ ಬರುವ) ಉತ್ತರ, ಆ ಸಂಖ್ಯೆಗಳು ತುಂಡುಗಳ ಅಳತೆ. ಸದ್ಯಕ್ಕೆ ಚಂಕ್ಡ್ ಇಲ್ಲದ ಎಚ್‌ಟಿಟಿಪಿ 1.0 ಎಂದು ಕೇಳಿ, ಹೋಸ್ಟ್ ಹೆಡರ್ ಮಾತ್ರ ಬಿಡಬೇಡಿ. 301 (ಪುಟ ಬೇರೆಡೆಗೆ ಹೋಗಿದೆ ಎಂಬ ಉತ್ತರ) ಬಂದು ಎಚ್‌ಟಿಟಿಪಿಎಸ್ ವಿಳಾಸ ತೋರಿಸಿದರೆ ಪೋರ್ಟ್ 443ಕ್ಕೆ ಹೋಗಿ, ಸಾಕೆಟ್‌ಗೆ ಗೂಢಲಿಪಿಯ ಕೆಲಸ ಮಾಡುವ ಪೈಥಾನ್‌ನ ಎಸ್‌ಎಸ್‌ಎಲ್ ಮಾಡ್ಯೂಲ್ ಹೊದಿಸಿ. ನಿಮ್ಮ ಉಳಿದ ಕೋಡ್ ಹಾಗೆಯೇ ನಡೆಯುತ್ತದೆ.